ಯಾವಾಗ ಬಿಡುವೆ?

ನಮ್ಮ ಉಮದಿಯಂತಹ ಮಳೆ ಕಡಿಮೆಯಾದ ಸೀಮೆಯ ಮಕ್ಕಳು ಓತಿಕೇತ, ಹಾವುಗಳನ್ನು ಕಂಡು ಬೆಳೆದವರು. ಅವರಲ್ಲೊಬ್ಬನು, “ನಕ್ಷತ್ರ ಆಮೆಯ ಜೋಡಿಯೊಂದನ್ನು ಮನೆಗೆ ತಂದು ಮರಿ ಮಾಡಿಸಿದರೆ ಅದರ ಕುಲ ಬೆಳೆಯುವುದಲ್ಲವೇ?” ಎಂದು ಕೇಳಿದರೆ ಗುರುಗಳು ಏನೆನ್ನಬೇಕು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ನಿಷೇಧಿಸಿದೆ ಎಂದರೆ ಉತ್ತರವೇನೋ ಸಿಕ್ಕಿತು, ಪ್ರಶ್ನೆ ಮುಗಿಯದು.

ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಚಾಚಿರುವ ಈ ಪ್ರಾಣಿ ಒಣ ಕುರುಚಲು ಕಾಡಿನದು. ಒಮ್ಮೆಗೆ ಇಡುವ ಮೊಟ್ಟೆ ಕೆಲವೇ; ಮರಿ ಪ್ರಾಯಕ್ಕೆ ಬರಲು ಹಲವು ವರ್ಷ ಬೇಕು. ಆದುದರಿಂದ ಬೆಳೆದ ಜೋಡಿಯನ್ನು ಒಯ್ದವನು ಆ ನೆಲದ ಮುಂದಿನ ಸಂತಾನವನ್ನೂ ಒಯ್ದಂತಾಯಿತು. ಅಂಗಳದಲ್ಲಿ ಮರಿಗಳು ಹೆಚ್ಚಿದರೂ ಕಾಡಿನ ಬರಿದು ತುಂಬದು. ಸಾಕಿದ ಮರಿಯನ್ನು ಮರಳಿ ಬಿಟ್ಟರೆ ಮನೆಯ ರೋಗವೂ ಅದರೊಡನೆ ಹೋದೀತು.

ಹಾಗಾದರೆ ಹಿಡಿಯುವುದೆಲ್ಲ ಪಾಪವೇ? ಹಾಗೆನ್ನಲಾರೆ. ಚೆನ್ನೈ ಸಮೀಪದಲ್ಲಿ 1978ರಲ್ಲಿ ಸ್ಥಾಪಿತವಾದ ಸಹಕಾರ ಸಂಘದ ಇರುಳರು ಸರಕಾರದ ಅಪ್ಪಣೆ ಪಡೆದು ನಾಗರ, ಕೊಳಕುಮಂಡಲ ಮೊದಲಾದ ಹಾವುಗಳನ್ನು ಹಿಡಿಯುತ್ತಾರೆ. ಕೆಲವು ವಾರ ಇಟ್ಟು, ವಿಷ ತೆಗೆದು, ಹೊಟ್ಟೆಯ ಹುರುಪೆಗೆ ಗುರುತು ಮಾಡಿ ಮತ್ತೆ ಬಿಡುತ್ತಾರೆ. ಹಾವು ಕಚ್ಚಿದವರ ಮದ್ದು ಆ ವಿಷದಿಂದಲೇ ಸಿದ್ಧವಾಗುತ್ತದೆ. ಹಾವಿಗೆ ಅದು ಸುಖವೆಂದು ಯಾರೂ ಹೇಳರು. ಆದರೂ ಅಲ್ಲಿ ಹಿಡಿಯುವುದಕ್ಕೆ ಮಿತಿಯೂ ಬಿಡುವುದಕ್ಕೆ ಗಡುವೂ ಉಂಟು.

ಆಮೆ ಬೇಕೆನ್ನುವ ಬಾಲಕನಿಗೆ ನಾನು ಹಾಕುವ ಮೊದಲ ಪ್ರಶ್ನೆ: ಯಾವಾಗ ಬಿಡುವೆ?