ಹಸಿದರೆ ತಾನೇ ಉಣ್ತಾಳೆ ಅನ್ನಬೇಡಿ

ಕಬ್ಬಾಳಮ್ಮನನ್ನು ಮನೆದೇವರು ಎಂದು ನಡೆದುಕೊಳ್ಳುವವರು ಹೊರದೇಶದಲ್ಲಿರುವ ನಮ್ಮ ಸಂಘದಲ್ಲಿ ಕಡಿಮೆಯೇನಿಲ್ಲ. ಕನಕಪುರ, ಚನ್ನಪಟ್ಟಣ, ರಾಮನಗರ, ಮಾಗಡಿ ಸೀಮೆಯವರು ರಜೆಗೆಂದು ಊರಿಗೆ ಹೋದರೆ ಮೈಸೂರು ತಪ್ಪೀತು, ಕಬ್ಬಾಳು ತಪ್ಪುವುದಿಲ್ಲ. ಸಾತನೂರಿನ ಹತ್ತಿರ ಕಬ್ಬಾಳಿನ ಬೋಳು ಬಂಡೆಯ ಬೆಟ್ಟ ಕಣ್ಣಿಗೆ ಬಿದ್ದರೆ ಕಾರಿನಲ್ಲಿರುವ ದೊಡ್ಡವರ ಕೈ ತಾನಾಗಿ ಮುಗಿಯುತ್ತದೆ. ಹೈದರ್, ಟಿಪ್ಪು ಕಾಲದಲ್ಲಿ ಅದು ಸೆರೆಮನೆಯ ದುರ್ಗ ಎಂದು ಅಪ್ಪಂದಿರು ಮಕ್ಕಳಿಗೆ ಹೇಳುತ್ತಾರೆ. ಮಕ್ಕಳು ಫೋನಿನಿಂದ ತಲೆ ಎತ್ತಿ ಒಮ್ಮೆ ನೋಡಿ ಮತ್ತೆ ಬಗ್ಗಿಸುತ್ತಾರೆ. ಹರಕೆ ಇದ್ದರೆ ಪರ, ಅಂದರೆ ದೇವಿಯ ಹೆಸರಿನ ಊಟ. ಪರ ಅಂದಮೇಲೆ ಹೇಳಬೇಕೇ? ಮರದ ನೆರಳಲ್ಲಿ ಒಲೆ, ದೊಡ್ಡ ಪಾತ್ರೆಯಲ್ಲಿ ಬಾಡಿನ ಸಾರು, ಬಿಸಿ ಮುದ್ದೆ, ನೆಂಟರ ದಂಡು.

ಅಂಥದೊಂದು ಪಂಕ್ತಿಯಲ್ಲಿ ನನ್ನ ಎದುರಿಗೆ ಕೂತಿದ್ದ ಹುಡುಗಿಗೆ ಹದಿನಾಲ್ಕಿರಬಹುದು. ಹೊರದೇಶದಲ್ಲೇ ಹುಟ್ಟಿ ಬೆಳೆದವಳು. ಮೇ ತಿಂಗಳ ಬಿಸಿಲಿನಲ್ಲೂ ಸ್ವೆಟರ್ ಹಾಕಿದ್ದಳು. ಮುದ್ದೆಯನ್ನು ಚಿವುಟಿ ಚಿವುಟಿ ಅವರೆಕಾಳಿನಷ್ಟು ಉಂಡೆ ಮಾಡಿ ಎಲೆಯ ಅಂಚಿಗೆ ಸಾಲಾಗಿ ಇಡುತ್ತಿದ್ದಳು. ಸಾರಿನ ಮೇಲೆ ತೇಲುವ ಎಣ್ಣೆಯನ್ನು ಬೆರಳಿಂದ ಆಚೆ ತಳ್ಳುತ್ತಿದ್ದಳು. ತುಂಡುಗಳೆಲ್ಲ ಆಗಲೇ ತಮ್ಮನ ಎಲೆ ಸೇರಿದ್ದವು. ಎದುರಿಗೆ ನೀರಿನ ಬಾಟಲಿ ಮಾತ್ರ ಖಾಲಿಯಾಗುತ್ತಿತ್ತು.

“ಅಯ್ಯೋ, ಕಡ್ಡಿ ಆಗೋಗವ್ಳಲ್ಲಪ್ಪ!” ಅಂದರು ಒಬ್ಬ ಅಜ್ಜಿ. “ಇರ್ಲಿ ಬುಡವ್ವ, ಈಗಿನ್ ಕಾಲ್ದಾಗೆ ಸಣ್ಣಗಿದ್ರೇನೇ ಚೆಂದ” ಅಂದರು ಚಿಕ್ಕಮ್ಮ. ಪಕ್ಕದಲ್ಲಿದ್ದ ಹಿರಿಯರು ತೀರ್ಪು ಕೊಟ್ಟರು: “ಹಸಿದ್ರೆ ತಾನೇ ಉಣ್ತಾಳೆ, ಬಲವಂತ ಮಾಡ್ಬ್ಯಾಡಿ.” ಹುಡುಗಿಯ ತಾಯಿ ತಲೆ ತಗ್ಗಿಸಿ ಬಡಿಸುತ್ತಲೇ ಇದ್ದಳು.

ಮೂವರದೂ ಪ್ರೀತಿಯ ಮಾತೇ. ಆದರೆ ಆ ಹುಡುಗಿಗೆ ಅನೊರೆಕ್ಸಿಯಾ ನರ್ವೋಸಾ ಎಂಬ, ಊಟ ಬಿಡಿಸಿ ದೇಹವನ್ನು ಸೊರಗಿಸುವ ಮನಸ್ಸಿನ ಕಾಯಿಲೆ ಇದ್ದಿದ್ದರೆ ಮೂರೂ ವಿಷ. ಆ ಕಾಯಿಲೆ ಹಿಡಿದ ಮನಸ್ಸಿಗೆ ‘ಕಡ್ಡಿಯಾಗಿದ್ದೀಯ’ ಅನ್ನುವುದು ಮರುಕದ ಮಾತಾಗಿ ಕೇಳಿಸುವುದಿಲ್ಲ, ಶಹಬ್ಬಾಸ್‌ಗಿರಿಯಾಗಿ ಕೇಳಿಸುತ್ತದೆ. ‘ಸಣ್ಣಗಿದ್ದರೇ ಚೆಂದ’ ಅನ್ನುವುದಂತೂ ನೇರ ಅನುಮೋದನೆ. ಮೂರನೆಯದು ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಅದು ನಮ್ಮೂರ ಅನುಭವದಿಂದ ಬಂದ ಮಾತು.

ರೇಷ್ಮೆ ಸಾಕಿದ ಮನೆಗಳಲ್ಲಿ ಬೆಳೆದವರಿಗೆ ಇದು ಗೊತ್ತು. ಹುಳ ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಾಗ ಸೊಪ್ಪು ಮುಟ್ಟುವುದಿಲ್ಲ. ತಲೆ ಎತ್ತಿಕೊಂಡು ಸುಮ್ಮನಿರುತ್ತದೆ. ಯಾರೂ ಗಾಬರಿಯಾಗುವುದಿಲ್ಲ. ಪೊರೆ ಕಳಚಿ ಎದ್ದಮೇಲೆ ತಾನೇ ತಿನ್ನುತ್ತದೆ. ನಾಲ್ಕನೇ ಜ್ವರ ಕಳೆದಮೇಲಂತೂ ಹೊತ್ತು ಹೊತ್ತಿಗೆ ಸೊಪ್ಪು ಹಾಕಿ ಮನೆಮಂದಿಗೆ ಸಾಕಾಗಿಬಿಡುತ್ತದೆ. ಈ ಲೆಕ್ಕ ಹುಳಕ್ಕೆ ಸರಿ. ಮಾಮೂಲಿ ಜ್ವರ, ನೆಗಡಿ ಬಂದ ಮಗುವಿಗೂ ಸರಿ. ಈ ಕಾಯಿಲೆಗೆ ಮಾತ್ರ ತಲೆಕೆಳಗು. ಇಲ್ಲಿ ಉಪವಾಸ ಹೆಚ್ಚಿದಷ್ಟೂ ಕಾಯಿಲೆಯ ಹಿಡಿತ ಬಿಗಿಯಾಗುತ್ತದೆ. ಕಾದು ಕೂತವರ ಕಣ್ಣೆದುರೇ ಮಗು ಇಳಿದುಹೋಗುತ್ತದೆ.

ಯಾಕೆ ಹೀಗೆ ಎನ್ನುವುದಕ್ಕೆ ಒಳ್ಳೆಯ ಸಾಕ್ಷಿ ಎರಡನೇ ಮಹಾಯುದ್ಧದ ಕಾಲದ್ದು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944-45ರಲ್ಲಿ 36 ಮಂದಿ ಆರೋಗ್ಯವಂತ ಯುವಕರನ್ನು, ಅವರು ಒಪ್ಪಿದಮೇಲೆ, 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಯುದ್ಧದಲ್ಲಿ ಹಸಿದ ಜನಕ್ಕೆ ಮತ್ತೆ ಊಟ ಕೊಡುವುದು ಹೇಗೆ ಎಂದು ತಿಳಿಯುವುದು ಉದ್ದೇಶ. ಆ ಗಂಡಸರಿಗೆ ತೆಳ್ಳಗಾಗುವ ಆಸೆ ಇರಲಿಲ್ಲ. ಆದರೂ ಅವರು ಊಟವನ್ನು ಚೂರು ಚೂರು ಮಾಡಿ ಗಂಟೆಗಟ್ಟಲೆ ತಿನ್ನತೊಡಗಿದರು, ಅಡುಗೆ ಪುಸ್ತಕ ಕೂಡಿಡತೊಡಗಿದರು, ಸದಾ ಚಳಿ ಅನ್ನುತ್ತಿದ್ದರು, ಸಿಡುಕಿದರು, ಮಂಕಾದರು, ಗೆಳೆಯರಿಂದ ದೂರವಾದರು. ಎಲೆಯ ಅಂಚಿನಲ್ಲಿ ಸಾಲಿಟ್ಟ ಮುದ್ದೆಯ ಉಂಡೆ, ಮೇ ತಿಂಗಳ ಸ್ವೆಟರ್ ಇವನ್ನೆಲ್ಲ ನಾವು ‘ಹುಡುಗಿಯ ಹಟ’ ಅನ್ನುತ್ತೇವೆ. ಅದರಲ್ಲಿ ಬಹುಪಾಲು ಹಸಿದ ಮಿದುಳಿನ ಕೆಲಸ. ಮಿದುಳು ಸರಿಯಾಗಬೇಕಾದರೆ ಮೊದಲು ಹೊಟ್ಟೆಗೆ ಬೀಳಬೇಕು, ಬುದ್ಧಿಮಾತು ಆಮೇಲಿನದು.

‘ಇದೆಲ್ಲ ಬಿಳಿಯರ ಕಾಯಿಲೆ’ ಎಂದು ನಮ್ಮವರು ಇವತ್ತಿಗೂ ಅನ್ನುತ್ತಾರೆ. ಆದರೆ ನಿಮ್ಹಾನ್ಸ್‌ನ ಮನೋವೈದ್ಯೆ ಪ್ರಭಾ ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಮನೋವೈದ್ಯರನ್ನೇ ಕೇಳಿ ಒಂದು ಸಮೀಕ್ಷೆ ಮಾಡಿದ್ದರು. 2012ರಲ್ಲಿ ಅದು ಪ್ರಕಟವಾಯಿತು. ಉತ್ತರ ಕೊಟ್ಟ ವೈದ್ಯರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಊಟಕ್ಕೆ ಸಂಬಂಧಿಸಿದ ಇಂಥ ಕಾಯಿಲೆಯ ರೋಗಿಯನ್ನು ಕಂಡಿದ್ದರು. ಕಬ್ಬಾಳಿನಿಂದ ಕಾರಿನಲ್ಲಿ ಎರಡು ಗಂಟೆ ದೂರದ ಊರಿನ ಮಾತಿದು. ನಮ್ಮಲ್ಲಿ ಕಾಯಿಲೆಯ ವೇಷ ಬೇರೆ ಇರಬಹುದು, ಅಷ್ಟೆ. 1995ರಲ್ಲಿ ದೆಹಲಿಯ ವೈದ್ಯರು ಐವರು ಯುವತಿಯರ ಬಗ್ಗೆ ಬರೆದರು: ಊಟ ಬೇಡ, ವಾಂತಿ, ತೂಕ ಇಳಿತ, ಮುಟ್ಟು ನಿಂತಿದೆ; ಆದರೆ ‘ನಾನು ದಪ್ಪ’ ಎಂಬ ಮಾತು ಅವರ ಬಾಯಲ್ಲಿ ಇರಲಿಲ್ಲ. ಹಾಂಗ್‌ಕಾಂಗ್‌ನ ವೈದ್ಯ ಸಿಂಗ್ ಲೀ ಕೂಡ ಅಂಥವರನ್ನು ಕಂಡರು. ಹೊಟ್ಟೆ ಉಬ್ಬರ, ಗ್ಯಾಸ್, ರುಚಿಯಿಲ್ಲ ಅನ್ನುತ್ತ ಮಗು ಊಟ ಬಿಟ್ಟರೆ ನಾವು ಹೊಟ್ಟೆಯ ಡಾಕ್ಟರ ಹತ್ತಿರ ಹೋಗುತ್ತೇವೆ. ಹೋಗಬೇಕಾದ್ದೇ. ಅಲ್ಲಿ ಏನೂ ಸಿಗದಿದ್ದರೆ ದೃಷ್ಟಿ ತೆಗೆಸಿ, ತಾಯಿತ ಕಟ್ಟಿಸಿ, ತಿಂಗಳುಗಳನ್ನು ಕಳೆಯುತ್ತೇವೆ. ಆ ತಿಂಗಳುಗಳೇ ದುಬಾರಿ. ಗಂಡುಮಕ್ಕಳಲ್ಲಿ ಇದನ್ನು ಹುಡುಕುವುದೇ ಇಲ್ಲ. ಜಿಮ್, ಓಟ, ಪ್ರೋಟೀನ್ ಡಬ್ಬಿಯ ಮರೆಯಲ್ಲಿ ಅವರ ಕಾಯಿಲೆ ಇನ್ನೂ ಚೆನ್ನಾಗಿ ಅಡಗುತ್ತದೆ.

ಹೊರದೇಶದ ನಮ್ಮ ಮನೆಗಳಲ್ಲಿ ಇನ್ನೊಂದು ಮರೆ ಇದೆ. ಮಗಳು ಇದ್ದಕ್ಕಿದ್ದಂತೆ ಬಾಡು ಬಿಟ್ಟಳು, ಆಮೇಲೆ ಮೊಟ್ಟೆ, ಆಮೇಲೆ ಹಾಲು, ತುಪ್ಪ. ಶನಿವಾರ ಒಪ್ಪೊತ್ತು ಹಿಡಿದಳು. ಅಜ್ಜಿಗೆ ಆನಂದ: ‘ನಮ್ ಕೂಸ್ಗೆ ಎಂಥಾ ಭಕ್ತಿ!’ ಸಸ್ಯಾಹಾರ ಕಾಯಿಲೆಯಲ್ಲ, ಒಪ್ಪೊತ್ತೂ ಕಾಯಿಲೆಯಲ್ಲ. ಆದರೆ ಬಿಡುವ ಪಟ್ಟಿ ಬೆಳೆಯುತ್ತ, ತಿನ್ನುವ ಪಟ್ಟಿ ಕುಗ್ಗುತ್ತ, ಊಟದ ಮಾತೆತ್ತಿದರೆ ಮಗು ಕೆರಳುತ್ತ ಹೋದರೆ ಅದನ್ನು ಭಕ್ತಿಯ ಖಾತೆಗೆ ಬರೆದು ಸುಮ್ಮನಾಗಬೇಡಿ.

ಇನ್ನು ಆ ತಾಯಿಯ ತಗ್ಗಿದ ತಲೆಯ ವಿಚಾರ. ಅಪ್ಪ ಅಮ್ಮನದೇ ತಪ್ಪು ಎಂಬ ಮಾತು ವೈದ್ಯರ ಬಾಯಿಂದಲೇ ಶುರುವಾದದ್ದು. ಈ ಕಾಯಿಲೆಗೆ 1870ರ ದಶಕದಲ್ಲಿ ಹೆಸರಿಟ್ಟ ಲಂಡನ್ನಿನ ವಿಲಿಯಂ ಗಲ್, ಇಂಥ ರೋಗಿಗಳ ಆರೈಕೆಗೆ ಬಂಧುಗಳಷ್ಟು ಕೆಟ್ಟವರಿಲ್ಲ ಎಂಬ ಅಭಿಪ್ರಾಯದವರು. ಮುಂದೆ ನೂರು ವರ್ಷ ಮಗುವನ್ನು ಆಸ್ಪತ್ರೆಗೆ ಸೇರಿಸಿ ಹೆತ್ತವರನ್ನು ಬಾಗಿಲಾಚೆ ನಿಲ್ಲಿಸುವುದೇ ಹೆಚ್ಚಾಗಿ ನಡೆಯಿತು. ಲೆಕ್ಕ ತಿರುಗಿದ್ದೂ ಲಂಡನ್ನಿನಲ್ಲೇ. ಮಾಡ್ಸ್‌ಲಿ ಆಸ್ಪತ್ರೆಯವರು ಹೆತ್ತವರನ್ನು ಒಳಗೆ ಕರೆದು, ಮಗುವಿಗೆ ಉಣ್ಣಿಸುವ ಹೊಣೆಯನ್ನು ಅವರ ಕೈಗೇ ಕೊಟ್ಟು ನೋಡಿದರು. ಎಳೆ ವಯಸ್ಸಿನಲ್ಲಿ ಶುರುವಾಗಿ ಮೂರು ವರ್ಷ ದಾಟದ ಕಾಯಿಲೆಯಲ್ಲಿ ಇದರಿಂದ ಹೆಚ್ಚು ಗುಣ ಕಂಡಿತು ಎಂದು 1987ರಲ್ಲಿ ಪ್ರಕಟಿಸಿದರು. ಅಮೆರಿಕದಲ್ಲಿ ಜೇಮ್ಸ್ ಲಾಕ್, ಡೇನಿಯಲ್ ಲೆ ಗ್ರಾಂಜ್ ಇದನ್ನು ಕ್ರಮಬದ್ಧ ಚಿಕಿತ್ಸೆಯಾಗಿ ಬರೆದಿಟ್ಟರು. 2010ರಲ್ಲಿ ಬಂದ ಅವರ ಅಧ್ಯಯನದಲ್ಲಿ 121 ಮಕ್ಕಳಿದ್ದರು. ಚಿಕಿತ್ಸೆ ಮುಗಿದು ವರ್ಷದ ನಂತರ ನೋಡಿದಾಗ, ಮನೆಯವರ ಮೂಲಕ ಚಿಕಿತ್ಸೆ ಪಡೆದವರಲ್ಲಿ ಶೇ. 49ರಷ್ಟು ಮಕ್ಕಳು ಪೂರ್ಣ ಚೇತರಿಸಿಕೊಂಡಿದ್ದರು. ಮಗುವಿನ ಜೊತೆ ಮಾತ್ರ ಮಾತುಕತೆ ನಡೆಸಿದ ಗುಂಪಿನಲ್ಲಿ ಶೇ. 23. ಅರ್ಧದಷ್ಟು ಮಕ್ಕಳಿಗೆ ಇದೂ ಸಾಲಲಿಲ್ಲ ಎಂಬುದನ್ನು ಮರೆಯಬಾರದು. ಅಂಥವರಿಗೆ ಆಸ್ಪತ್ರೆ, ಬೇರೆ ಚಿಕಿತ್ಸೆ, ಇನ್ನಷ್ಟು ಕಾಲ ಬೇಕು. ಆದರೂ ನಮ್ಮ ಹೆಂಗಸರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸವೇ, ಎದುರು ಕೂತು ಉಣ್ಣಿಸುವುದೇ, ಚಿಕಿತ್ಸೆಯ ನಡುಗಂಬವಾಗಿರುವುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಆದರೆ ಶುರು ಮಾಡಬೇಕಾದ್ದು ಅಡುಗೆಮನೆಯಿಂದಲ್ಲ. ಮೊದಲು ವೈದ್ಯರು ನಾಡಿ, ರಕ್ತದೊತ್ತಡ, ರಕ್ತಪರೀಕ್ಷೆ ನೋಡಲೇಬೇಕು. ಬಹಳ ಕಾಲ ಹಸಿದ ದೇಹಕ್ಕೆ ಒಮ್ಮೆಲೇ ತುಂಬಿದರೆ ರಕ್ತದಲ್ಲಿ ಫಾಸ್ಫರಸ್ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ತಲೆಸುತ್ತಿ ಬೀಳುವುದು, ನಾಡಿ ತೀರ ನಿಧಾನವಾಗುವುದು, ನೀರೂ ಬೇಡ ಅನ್ನುವುದು, ಪದೇ ಪದೇ ವಾಂತಿ, ಸಾಯುವ ಮಾತು: ಇವು ಕಂಡರೆ ಅಪಾಯಿಂಟ್‌ಮೆಂಟ್ ಕಾಯದೆ ನೇರ ತುರ್ತು ವಿಭಾಗಕ್ಕೆ ಹೋಗಬೇಕು. ಮನಸ್ಸಿನ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಇದೂ ಒಂದು.

ವೈದ್ಯರು ಮನೆಯಲ್ಲೇ ಆಗಲಿ ಅಂದಮೇಲೆ ನಡೆಯುವುದು ಹೀಗೆ. ಮೂರು ಊಟ, ನಡುವೆ ಎರಡೋ ಮೂರೋ ತಿಂಡಿ. ಏನು, ಎಷ್ಟು ಎಂದು ತೀರ್ಮಾನಿಸುವವರು ಅಪ್ಪ ಅಮ್ಮ, ಬಡಿಸುವವರೂ ಅವರೇ. ಮಗುವನ್ನು ಅಡುಗೆಮನೆಯ ಆಚೆ ಇಡುವುದು ಒಳ್ಳೆಯದು, ಇಲ್ಲದಿದ್ದರೆ ಎಣ್ಣೆ ಅಳೆಯುವ ಜಗಳವೇ ದಿನವಿಡೀ ನಡೆಯುತ್ತದೆ. ದೊಡ್ಡವರೊಬ್ಬರು ಜೊತೆಗೇ ಕೂತು ಉಣ್ಣಬೇಕು. ಮಾತು ಕ್ರಿಕೆಟ್ಟಿನದಿರಲಿ, ಶಾಲೆಯದಿರಲಿ, ಕ್ಯಾಲೊರಿಯದಂತೂ ಬೇಡ. ಮಗು ಅಳುತ್ತದೆ, ತಟ್ಟೆ ತಳ್ಳುತ್ತದೆ, ಹಿಂದೆಂದೂ ಆಡದ ಮಾತು ಆಡುತ್ತದೆ. ಆಗ ಉಪನ್ಯಾಸ ಬೇಡ. “ಕಷ್ಟ ಅಂತ ಗೊತ್ತು ಕಂದ. ಇನ್ನೊಂದು ತುತ್ತು. ನಾನಿಲ್ಲೇ ಇದ್ದೀನಿ.” ಇಷ್ಟನ್ನೇ ಎಷ್ಟು ಸಲ ಬೇಕಾದರೂ ಹೇಳಬಹುದು. ಬಾಯಿಗೆ ತುರುಕುವುದು, ಹೊಡೆಯುವುದು, ‘ನಿನ್ನಿಂದ ನಾನು ಸಾಯ್ತೀನಿ’ ಅನ್ನುವುದು ಯಾವುದೂ ನಡೆಯದು. ಊಟವಾದಮೇಲೆ ಒಂದು ಗಂಟೆಯಾದರೂ ಜೊತೆಗಿರಬೇಕು. ಬಚ್ಚಲಿಗೆ ಹೋಗಿ ಕಕ್ಕುವ, ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ವ್ಯಾಯಾಮ ಮಾಡುವ ಹೊತ್ತು ಅದೇ. ತಮ್ಮ ತಂಗಿಯರನ್ನು ಕಾವಲಿಗೆ ಹಾಕಬಾರದು. ಅವರಿಗೂ ಒಂದು ಬಾಲ್ಯವಿದೆ.

ಮುಖ್ಯವಾದದ್ದು ಅಪ್ಪ ಅಮ್ಮನ ಮಾತು ಒಂದೇ ಇರುವುದು. ನಮ್ಮ ಮನೆಗಳಲ್ಲಿ ಅಪ್ಪ ‘ಸಾಕು ಬಿಡು, ಎಷ್ಟು ತಿಂದಳೋ ಅಷ್ಟೇ ಲಾಭ’ ಎಂದು ಎದ್ದುಹೋಗುತ್ತಾನೆ. ಆ ಸಂದಿಯಲ್ಲೇ ಕಾಯಿಲೆ ನುಸುಳುವುದು. ತೂಕ ಮರಳಿ, ಮನಸ್ಸು ತಿಳಿಯಾದಂತೆ ಊಟದ ಹೊಣೆಯನ್ನು ಸ್ವಲ್ಪ ಸ್ವಲ್ಪವಾಗಿ ಮಗುವಿನ ಕೈಗೇ ಮರಳಿಸಬೇಕು. ಇದೆಲ್ಲ ವಾರಗಳ ಕೆಲಸವಲ್ಲ, ತಿಂಗಳುಗಳದು, ಕೆಲವೊಮ್ಮೆ ವರ್ಷಗಳದು.

ಇಬ್ಬರೂ ದುಡಿಯುವ, ವೀಸಾ ಮೇಲೆ ನಿಂತ ಮನೆಯಲ್ಲಿ ಹೊತ್ತು ಹೊತ್ತಿಗೂ ಎದುರು ಕೂರುವವರು ಯಾರು? ಅಮೆರಿಕದಲ್ಲಿರುವವರಿಗೆ 1993ರ ಕುಟುಂಬ ರಜೆ ಕಾಯಿದೆಯಡಿ, ಅರ್ಹತೆ ಇದ್ದರೆ, ವರ್ಷಕ್ಕೆ 12 ವಾರ ರಜೆ ಸಿಗುತ್ತದೆ. ಸಂಬಳವಿಲ್ಲ, ಕೆಲಸ ಉಳಿಯುತ್ತದೆ. ಇನ್ನೊಂದು ದಾರಿ ನಮ್ಮದೇ: ಊರಿನಿಂದ ಅಜ್ಜಿಯನ್ನು ಕರೆಸುವುದು. ಉಪ್ಸಾರು, ಹಿತಕಿದ ಬೇಳೆ ಸಾರು, ತುಪ್ಪ ಹಾಕಿದ ಮುದ್ದೆ ಮಾಡಿಕೊಟ್ಟು ಪಕ್ಕದಲ್ಲಿ ಕೂರಲು ಅವರಿಗಿಂತ ಯಾರು ಬೇಕು? ಬರುವ ಮೊದಲೇ ಫೋನಿನಲ್ಲಿ ಬಿಡಿಸಿ ಹೇಳಿ: “ಅವ್ವ, ಇದು ಹಟ ಅಲ್ಲ, ಕಾಯ್ಲೆ. ನೀನು ಅವಳ ಮೈ ಬಗ್ಗೆ ಏನೂ ಮಾತಾಡ್ಬ್ಯಾಡ. ಕೆನ್ನೆ ತುಂಬ್ಕೊಂತು ಅಂತಾನೂ ಅನ್ಬ್ಯಾಡ.” ಕೊನೆಯ ವಾಕ್ಯ ಅತಿ ಮುಖ್ಯ. ಚೇತರಿಸಿಕೊಳ್ಳುತ್ತಿರುವ ಹುಡುಗಿಯನ್ನು ‘ಈಗ ಚೆನ್ನಾಗಿ ಆಗಿದ್ದೀಯ’ ಎಂದು ಹೊಗಳಿದರೆ ಅವಳಿಗೆ ‘ದಪ್ಪಗಾದೆ’ ಎಂದೇ ಕೇಳಿಸುತ್ತದೆ, ರಾತ್ರಿಯ ಊಟ ಹೋಯಿತೆಂದೇ ಲೆಕ್ಕ.

ಕಬ್ಬಾಳಿಗೆ ಹೋಗುವುದಾದರೂ ಇದೇ ಮಾತು. ಪರಕ್ಕೆ ಬರುವ ಅಷ್ಟೂ ನೆಂಟರಿಗೆ ಪಾಠ ಹೇಳಲಾಗದು. ಮನೆಯ ಹಿರಿಯರೊಬ್ಬರಿಗೆ ಒಪ್ಪಿಸಿದರೆ ಅವರ ಒಂದು ಗದರಿಕೆ ಸಾಕು. ಮಗುವಿನ ತಟ್ಟೆಯನ್ನು ತಾಯಿಯೇ ಬಡಿಸಿ, ಪಂಕ್ತಿಯಿಂದ ಸ್ವಲ್ಪ ಆಚೆ ನೆರಳಲ್ಲಿ ಇಬ್ಬರೇ ಕೂತು ಉಂಡರೆ ಯಾವ ಶಾಸ್ತ್ರವೂ ಕೆಡುವುದಿಲ್ಲ. ಮಗು ಇನ್ನೂ ತೀರ ಸೊರಗಿದ್ದರೆ ಆ ವರ್ಷ ಪ್ರಯಾಣ ಬೇಡ. ಅಮ್ಮನಿಗೆ ಹರಕೆ ಹೊತ್ತುಕೊಳ್ಳಿ, ಬೇಡ ಅನ್ನುವವನು ನಾನಲ್ಲ. ಉಪವಾಸದ ಹರಕೆ ಮಾತ್ರ ಮಗುವಿನ ಹೆಸರಲ್ಲಿ ಬೇಡ. ಕಬ್ಬಾಳಮ್ಮನಿಗೆ ಮಂಗಳವಾರ ವಿಶೇಷ. ಕರ್ನಾಟಕ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡೂ ಮಂಗಳವಾರಕ್ಕೇ. ಊರಿನಲ್ಲಿರುವ ನಿಮ್ಮ ಅಣ್ಣ ತಮ್ಮಂದಿರಿಗೆ ಇದನ್ನು ತಿಳಿಸಿ. ಈ ಕಾಯಿಲೆ ಬರಲು ವಿಮಾನ ಹತ್ತಲೇಬೇಕೆಂದಿಲ್ಲ. ಭಾರತದಲ್ಲಿರುವವರು 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಬ್ರಿಟನ್ನಿನಲ್ಲಿ ಬೀಟ್, ಆಸ್ಟ್ರೇಲಿಯಾದಲ್ಲಿ ಬಟರ್‌ಫ್ಲೈ ಫೌಂಡೇಶನ್ ಎಂಬ ಸಹಾಯ ಸಂಸ್ಥೆಗಳಿವೆ. ಹೆತ್ತವರಿಗಾಗಿ ಹೆತ್ತವರೇ ನಡೆಸುವ ಫೀಸ್ಟ್ ಎಂಬ ಸಂಸ್ಥೆ ಯಾವ ದೇಶದವರಿಗೂ ತೆರೆದಿದೆ. ಇದೇ ಬವಣೆ ಉಂಡ ಇನ್ನೊಬ್ಬ ತಾಯಿಯ ಜೊತೆ ಮಾತಾಡಿದರೆ ಸಿಗುವ ಧೈರ್ಯವನ್ನು ನನ್ನಂಥವರ ಲೇಖನ ಕೊಡಲಾರದು.

ಕೊನೆಗೆ ನಮ್ಮ ಸಂಘದ ಕಾರ್ಯಕಾರಿ ಸಮಿತಿಗೆ ಎರಡು ಕೋರಿಕೆ. ಯುಗಾದಿಗೆ ಮುಂಚೆ ಮನೆಮನೆಯೂ ಸೇರಿ ನಡೆಸುವ ತೂಕ ಇಳಿಸುವ ಸ್ಪರ್ಧೆಯನ್ನು ಈ ವರ್ಷದಿಂದ ಕೈಬಿಡಿ; ನಡೆಯುವ ಸ್ಪರ್ಧೆ ಇಟ್ಟುಕೊಳ್ಳಿ, ತಕ್ಕಡಿ ಬೇಡ. ಮಕ್ಕಳ ನೃತ್ಯಕ್ಕೆ ಉಡುಪಿನ ಅಳತೆ ತೆಗೆಯುವಾಗ ಎಲ್ಲರೆದುರು ಸೊಂಟದ ಸುತ್ತಳತೆ ಕೂಗಿ ಬರೆಸುವುದನ್ನೂ ನಿಲ್ಲಿಸಿ.