ಒಂದೇ ಜ್ವರ, ಒಬ್ಬರಿಗೆ ಮಾತ್ರ ಯಾಕೆ ವಾಸಿಯಾಗಲಿಲ್ಲ?

ನಮೋ ಬುದ್ಧಾಯ. ಜೈಭೀಮ್.



ಕಳೆದ ಭಾನುವಾರ ವಿಜಯನಗರದಲ್ಲಿ ಬುದ್ಧವಂದನೆ ಮುಗಿದ ಮೇಲೆ ಕಾಮಾಕ್ಷಿಪಾಳ್ಯದಿಂದ ಬರುವ ಒಬ್ಬ ಅಕ್ಕ ಒಂದು ಪ್ರಶ್ನೆ ಕೇಳಿದರು. ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಮಳೆಗಾಲದಲ್ಲಿ ಅವರಿಗೂ ಅವರ ಓರಗಿತ್ತಿಗೂ ಒಂದೇ ವಾರ ಚಿಕುನ್‌ಗುನ್ಯಾ ಬಂತು. ಒಂದೇ ಮನೆ, ಅದೇ ನೀರಿನ ಡ್ರಮ್ಮು, ಅದೇ ಸೊಳ್ಳೆ. ಓರಗಿತ್ತಿ ಮೂರು ವಾರದಲ್ಲಿ ಸುಧಾರಿಸಿಕೊಂಡು ಪೀಣ್ಯದ ಗಾರ್ಮೆಂಟ್ಸ್‌ಗೆ ಹೊರಟಳು. ಅಕ್ಕನಿಗೆ ನಾಲ್ಕು ತಿಂಗಳಾದರೂ ಬೆಳಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ಮುದ್ದೆ ತಿರುವಲು ಕೋಲು ಹಿಡಿದರೆ ಕಣ್ಣಲ್ಲಿ ನೀರು. ಅತ್ತೆ "ಅವಳು ಪಡೆದುಕೊಂಡು ಬಂದಿದ್ದು" ಅನ್ನುತ್ತಾರಂತೆ. ಗಂಡ "ಮನಸ್ಸು ಗಟ್ಟಿ ಮಾಡ್ಕೋ" ಅನ್ನುತ್ತಾರಂತೆ. ಅಕ್ಕ ಕೇಳಿದ್ದು ಇಷ್ಟೇ: "ಅಣ್ಣಾ, ನಾನೇನಾದ್ರೂ ತಪ್ಪು ಮಾಡಿದೀನಾ?"

ನಾನು ಥಟ್ಟನೆ, "ದಿನಾ ಆನಾಪಾನಸತಿ ಮಾಡಿ ಅಕ್ಕ, ಎಲ್ಲ ಸರಿಹೋಗುತ್ತೆ" ಅಂದೆ. ಅವರು ತಲೆಯಾಡಿಸಿ ಸುಮ್ಮನಾದರು. ಮನೆಗೆ ಬಂದ ಮೇಲೆ ನನಗೆ ಹೊಳೆಯಿತು: ಅತ್ತೆಯ ಮಾತಿಗೂ ನನ್ನ ಮಾತಿಗೂ ಹೆಚ್ಚು ದೂರವಿಲ್ಲ. ಅತ್ತೆ ತಪ್ಪನ್ನು ಹಿಂದಿನ ಜನ್ಮದಲ್ಲಿ ಹುಡುಕಿದರು, ನಾನು ಈ ಜನ್ಮದ ಅಭ್ಯಾಸದಲ್ಲಿ ಹುಡುಕಿದೆ. ನೋವು ತಿನ್ನುತ್ತಿರುವವರ ತಲೆಗೇ ಇಬ್ಬರೂ ತಪ್ಪನ್ನು ಕಟ್ಟಿದೆವು.

ವೈದ್ಯಶಾಸ್ತ್ರ ಏನು ಹೇಳುತ್ತದೆ ನೋಡೋಣ. ಚಿಕುನ್‌ಗುನ್ಯಾ ಜ್ವರ ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಕೀಲುನೋವು ಕೆಲವರಿಗೆ ಬೇಗ ಹೋಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ. 2006ರಲ್ಲಿ ಕರ್ನಾಟಕದ ಲಕ್ಷಾಂತರ ಜನ ಇದಕ್ಕೆ ಸಿಕ್ಕಿದ್ದನ್ನು ಹಿರಿಯರು ಮರೆತಿರಲಾರರು. ವಯಸ್ಸಾದವರಿಗೆ, ಹೆಂಗಸರಿಗೆ, ಮೊದಲೇ ಕೀಲುನೋವು ಇದ್ದವರಿಗೆ, ಜ್ವರದ ದಿನಗಳಲ್ಲಿ ರಕ್ತದಲ್ಲಿ ವೈರಸ್ ಹೆಚ್ಚಿದ್ದವರಿಗೆ ನೋವು ಉಳಿಯುವ ಸಾಧ್ಯತೆ ಹೆಚ್ಚು.

ಕಣ್ಣಿಗೆ ಕಾಣದ ಕಾರಣಗಳೂ ಇರುತ್ತವೆ. ಕೋವಿಡ್‌ನಿಂದ ಪ್ರಾಣಾಪಾಯಕ್ಕೆ ಒಳಗಾದ 987 ಜನರ ರಕ್ತವನ್ನು 2020ರಲ್ಲಿ ವಿಜ್ಞಾನಿಗಳು ಪರೀಕ್ಷಿಸಿದರು. ವೈರಸ್ ಬಂದಾಗ ಮೊದಲು ಎದುರು ನಿಲ್ಲುವ ಇಂಟರ್‌ಫೆರಾನ್ ಎಂಬ ವಸ್ತು ನಮ್ಮ ದೇಹದಲ್ಲಿದೆ. ಆ 987 ಜನರಲ್ಲಿ 101 ಜನರ ದೇಹ ತನ್ನದೇ ಇಂಟರ್‌ಫೆರಾನನ್ನು ಕೆಲಸ ಮಾಡದಂತೆ ತಡೆಯುತ್ತಿತ್ತು. ಇದಕ್ಕೂ ಅವರ ಧೈರ್ಯಕ್ಕೂ, ಪಾಪಪುಣ್ಯಕ್ಕೂ ಏನು ಸಂಬಂಧ?

ಎರಡೂವರೆ ಸಾವಿರ ವರ್ಷಗಳ ಹಿಂದೆ ರಾಜಗೃಹದಲ್ಲಿ ಸೀವಕ ಎಂಬ ಪರಿವ್ರಾಜಕ ಭಗವಾನ್ ಬುದ್ಧರನ್ನು ಇದೇ ವಿಷಯ ಕೇಳಿದ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎಂದು ಕೆಲವರು ಹೇಳುತ್ತಾರಲ್ಲ, ತಾವು ಏನೆನ್ನುತ್ತೀರಿ? ಬುದ್ಧರು ಎಂಟು ಕಾರಣಗಳನ್ನು ಎಣಿಸಿದರು: ಪಿತ್ತ, ಕಫ, ವಾತ, ಈ ಮೂರೂ ಕೂಡುವುದು, ಋತುವಿನ ಬದಲಾವಣೆ, ದೇಹದ ಆರೈಕೆ ತಪ್ಪುವುದು, ಹೊರಗಿನ ಪೆಟ್ಟು, ಎಂಟನೆಯದು ಕರ್ಮಫಲ. ಎಲ್ಲವೂ ಹಿಂದಿನ ಕರ್ಮವೇ ಎನ್ನುವವರು ತಾವೂ ಕಂಡಿದ್ದನ್ನು, ಲೋಕವೂ ಒಪ್ಪಿದ್ದನ್ನು ಮೀರಿ ಮಾತನಾಡುತ್ತಾರೆ ಎಂದರು. ಇದು ಸಂಯುತ್ತ ನಿಕಾಯದಲ್ಲಿದೆ.

ಬಾಬಾಸಾಹೇಬರು 'ದಿ ಬುದ್ಧ ಅಂಡ್ ಹಿಸ್ ಧಮ್ಮ'ದಲ್ಲಿ ಇನ್ನೂ ಮುಂದೆ ಹೋಗಿ ಕೇಳುತ್ತಾರೆ: ಬಡವರ ಸ್ಥಿತಿಗೆ ಅವರ ಹಿಂದಿನ ಜನ್ಮವೇ ಕಾರಣ ಎಂದುಬಿಟ್ಟರೆ ಯಾರಿಗೆ ಲಾಭ? ಸಮಾಜಕ್ಕೂ ಸರ್ಕಾರಕ್ಕೂ ಹೊಣೆ ತಪ್ಪುತ್ತದೆ.

ಈಗ ಅಕ್ಕನ ಮನೆಯನ್ನೇ ನೋಡಿ. ಓರಗಿತ್ತಿಗೆ ಮೂವತ್ತು ವರ್ಷ. ಇಎಸ್‌ಐ ಇದೆ. ವೈದ್ಯರ ಸರ್ಟಿಫಿಕೇಟ್ ಇದ್ದರೆ ಸಂಬಳದ ಶೇ. 70ರಷ್ಟು ಹಣ ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಹಾಗಾಗಿ ಅವಳು ಆ ಮೂರು ವಾರ ಮಲಗಿ ಸುಧಾರಿಸಿಕೊಂಡಳು. ಅಕ್ಕನಿಗೆ ನಲವತ್ತೊಂಬತ್ತು. ಮಂಡಿನೋವು ಮೊದಲೇ ಇತ್ತು. ಬಸವೇಶ್ವರನಗರದಲ್ಲಿ ಮೂರು ಮನೆಗಳ ಕೆಲಸ, ಹೋಗದಿದ್ದರೆ ಸಂಬಳ ಇಲ್ಲ. ಐದನೇ ದಿನವೇ ತಣ್ಣೀರಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ವಯಸ್ಸಿನದೆಷ್ಟು, ಮಂಡಿಯದೆಷ್ಟು, ವಿಶ್ರಾಂತಿ ಇಲ್ಲದ್ದರದೆಷ್ಟು? ಯಾರೂ ತಕ್ಕಡಿಯಲ್ಲಿಟ್ಟು ಹೇಳಲಾರರು. ಆದರೆ ವಯಸ್ಸನ್ನು ನಾವು ಬದಲಿಸಲಾರೆವು, ವಿಶ್ರಾಂತಿ ಕೊಡಬಲ್ಲೆವು. ಪ್ರತೀತ್ಯಸಮುತ್ಪಾದ ಓದುವುದು ಬಾಯಿಪಾಠಕ್ಕಲ್ಲ. ಬಹಳ ಕಾರಣಗಳಲ್ಲಿ ನಮ್ಮ ಕೈಗೆ ಎಟಕುವುದು ಯಾವುದು ಎಂದು ಹುಡುಕುವುದಕ್ಕೆ.

ಹಾಗಾದರೆ ಧ್ಯಾನ ಬೇಡವೇ? ಬೇಕು. ದೇಹದ ನೋವಿನ ಮೇಲೆ ಮನಸ್ಸು ತಾನೇ ಹೊಡೆದುಕೊಳ್ಳುವ ಎರಡನೇ ಬಾಣವನ್ನು ಅದು ತಡೆಯುತ್ತದೆ. ಮೊದಲ ಬಾಣಕ್ಕೆ ಔಷಧಿ, ವಿಶ್ರಾಂತಿ, ಊಟ ಬೇಕು. "ನಿನ್ನ ಮನಸ್ಸೇ ಸರಿಯಿಲ್ಲ" ಎಂದಾಗ ಆ ಎರಡನೇ ಬಾಣವನ್ನು ನಾವೇ ಬಿಟ್ಟಂತೆ. ಬುದ್ಧರಿಗೂ ಬೆನ್ನುನೋವಿತ್ತು. ಒಮ್ಮೆ ಆನಂದರಿಗೆ ಉಪದೇಶ ಮುಂದುವರಿಸಲು ಹೇಳಿ ತಾವು ಮಲಗಿದರು. ಬಾಬಾಸಾಹೇಬರು ಸಕ್ಕರೆ ಕಾಯಿಲೆ, ಕಾಲುನೋವಿನಲ್ಲೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಮಗೆ ಧಮ್ಮ ಕೊಟ್ಟರು. ಎರಡು ತಿಂಗಳೊಳಗೆ ತೀರಿಕೊಂಡರು. ಅವರ ಮನಸ್ಸು ಗಟ್ಟಿ ಇರಲಿಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ?

ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಹೊಟ್ಟೆ ಕೆಟ್ಟ ಒಬ್ಬ ಭಿಕ್ಕು ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಬುದ್ಧರು ಅವನನ್ನು ಕೇಳಿದ್ದು: ಏನು ಕಾಯಿಲೆ? ನೋಡಿಕೊಳ್ಳಲು ಯಾರಾದರೂ ಇದ್ದಾರೆಯೇ? ಯಾರೂ ಇಲ್ಲ ಅಂದ. ಯಾಕೆ ಎಂದರೆ, ನನ್ನಿಂದ ಅವರಿಗೆ ಏನೂ ಉಪಯೋಗವಿಲ್ಲ ಅಂದ. ಬುದ್ಧರು ನೀರು ಹೊಯ್ದರು, ಆನಂದರು ತೊಳೆದರು, ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ಏನು ಪಾಪ ಮಾಡಿದ್ದೆ ಎಂದು ಕೇಳಲಿಲ್ಲ.

ನಿನ್ನೆ ಅಕ್ಕನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಆ ಎರಡು ಪ್ರಶ್ನೆಗಳನ್ನೂ ಕೇಳಿದೆ. ಬುಧವಾರ ಕೀಲುರೋಗದ ವೈದ್ಯರ ಹತ್ತಿರ ಕರೆದುಕೊಂಡು ಹೋಗಲು ನಮ್ಮ ಬಳಗದ ಒಬ್ಬರು ಬರುತ್ತಾರೆ. ಅಂದು ಆ ಮೂರು ಮನೆಗಳ ಸಂಬಳ ಕಟ್ಟಾದರೆ ತುಂಬಿಕೊಡಲು ಇಬ್ಬರು ಒಪ್ಪಿದ್ದಾರೆ.

ಇಂದು ನಿಮ್ಮ ಬೀದಿಯಲ್ಲಿ ಜ್ವರ ಬಿಟ್ಟೂ ಏಳಲಾಗದೆ ಮಲಗಿರುವವರು ಯಾರಿದ್ದಾರೆ? ಅವರಿಗೆ ಬುದ್ಧಿಮಾತು ಹೇಳುವ ಮೊದಲು ಆ ಎರಡು ಪ್ರಶ್ನೆ ಕೇಳೋಣ.

ನಮೋ ಬುದ್ಧಾಯ. ಜೈಭೀಮ್.