ನಾಣ್ಯದ ಮೇಲಿನ ಮುದ್ರೆ

2022ನೆಯ ಇಸವಿಯ ಮಳೆಗಾಲದ ಒಂದು ಮಧ್ಯಾಹ್ನ. ಚಿತ್ರದುರ್ಗದಲ್ಲಿ ನನ್ನ ತರಗತಿ ಮುಗಿದಿತ್ತು. ಬಿಜ್ಜಳನ ಭಂಡಾರ ಕಾಯುತ್ತಿದ್ದ ಬಸವಣ್ಣನವರು ತಮ್ಮ ನಂಬಿಕೆಯನ್ನು ಮಾತ್ರ ಆ ಭಂಡಾರದಲ್ಲಿ ಒತ್ತೆಯಿಡಲಿಲ್ಲ ಎಂದು ಸಾಕಷ್ಟು ಉತ್ಸಾಹದಿಂದಲೇ ಪಾಠ ಹೇಳಿ ಹೊರಬಂದಿದ್ದೆ. ಹೊಳಲ್ಕೆರೆ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗನೊಬ್ಬ ಹಿಂದೆಯೇ ಬಂದ.

“ಸಾರ್, ನಮ್ಮವ್ವ ಎರಡು ವರ್ಷದಿಂದ ಪ್ರಾರ್ಥನೆಗೆ ಹೋಗ್ತಾಳೆ. ದೀಕ್ಷಾಸ್ನಾನ ತಗೋತೀನಿ ಅಂತಾಳೆ. ಅದಕ್ಕೆ ಈಗ ಡಿ.ಸಿ. ಸಾಹೇಬರಿಗೆ ಬರೆದುಕೊಡಬೇಕಂತೆ. ಕೊಡದಿದ್ರೆ ತಪ್ಪಾಗುತ್ತಾ ಸಾರ್?”

“ಕಾನೂನು ಹಾಗಿದ್ದರೆ ಹಾಗೇ ಮಾಡಬೇಕಪ್ಪ” ಎಂದೆ. ಹುಡುಗ ತಲೆಯಾಡಿಸಿ ಹೊರಟುಹೋದ. ನನ್ನ ಉತ್ತರದಲ್ಲಿ ತಪ್ಪಿರಲಿಲ್ಲ. ಆದರೂ ಪಾಠ ಹೇಳಿದವನು ಒಬ್ಬ, ಉತ್ತರ ಕೊಟ್ಟವನು ಇನ್ನೊಬ್ಬ ಎನ್ನಿಸಿ ಆ ರಾತ್ರಿ ಮನಸ್ಸಿಗೆ ಸಮಾಧಾನವಾಗಲಿಲ್ಲ.

ಆ ಕಾನೂನಿಗೂ ನಮ್ಮ ಜಿಲ್ಲೆಗೂ ನಂಟುಂಟು. 2021ರ ಸೆಪ್ಟೆಂಬರಿನಲ್ಲಿ ಹೊಸದುರ್ಗದ ಅಂದಿನ ಶಾಸಕರು ತಮ್ಮ ತಾಯಿಯ ಮತಾಂತರದ ಸಂಗತಿಯನ್ನೇ ವಿಧಾನಸಭೆಯಲ್ಲಿ ನೊಂದು ಹೇಳಿದರು. ಆ ಡಿಸೆಂಬರಿನಲ್ಲಿ ಮಸೂದೆ ಬಂತು. 2022ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ಬಳಿಕ ಕಾಯಿದೆಯಾಗಿ ಜಾರಿಯಾಯಿತು. ಮತ ಬದಲಿಸುವವನು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಅದನ್ನು ಕಚೇರಿಯ ಸೂಚನಾ ಫಲಕದಲ್ಲಿ ಹಾಕಿ ಆಕ್ಷೇಪಣೆ ಕರೆಯಬೇಕು ಎಂದು ಅದು ವಿಧಿಸಿತು. 2023ರ ಜೂನ್‌ನಲ್ಲಿ ಹೊಸ ಮಂತ್ರಿಮಂಡಲ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಸರ್ಕಾರಗಳ ತೀರ್ಮಾನ ಬದಲಾಗಬಹುದು; ಆ ಹುಡುಗನ ಪ್ರಶ್ನೆ ಮಾತ್ರ ಅಲ್ಲೇ ನಿಂತಿದೆ.

ಕ್ರೈಸ್ತರಿಗೆ ಇದು ಹೊಸ ಪ್ರಶ್ನೆಯಲ್ಲ. ಸೀಸರನಿಗೆ ತೆರಿಗೆ ಕೊಡಬೇಕೆ ಎಂದು ಕೇಳಿದವರಿಗೆ ಯೇಸು ನಾಣ್ಯದ ಮೇಲಿನ ಮುದ್ರೆಯನ್ನು ತೋರಿಸಿದ ಕತೆ ಎಲ್ಲರಿಗೂ ಗೊತ್ತು. ಪ್ರಭುತ್ವಕ್ಕೆ ತಲೆಬಾಗಿರೆಂದು ರೋಮಿನವರಿಗೆ ಬರೆದವನು ಪೌಲ. ಸಾರಬೇಡವೆಂದು ಅಪ್ಪಣೆಯಾದಾಗ, ಮನುಷ್ಯರಿಗಿಂತ ದೇವರ ಮಾತು ದೊಡ್ಡದೆಂದು ಸಭೆಯ ಮುಂದೆ ನಿಂತವನು ಪೇತ್ರ. ಇವೆರಡೂ ಒಂದೇ ಗ್ರಂಥದಲ್ಲಿವೆ. ನಾಣ್ಯದ ಮೇಲೆ ಸೀಸರನ ಮುದ್ರೆಯಿದೆ, ನಾಣ್ಯ ಅವನದು. ಮನುಷ್ಯನ ಮೇಲೆ ದೇವರ ಮುದ್ರೆಯಿದೆ, ಮನುಷ್ಯ ಅವನವನು ಎಂದು ಅವರ ಹಿರಿಯರು ಇದನ್ನು ಬಿಡಿಸಿದರು.

ಹಾಗಾದರೆ ಆ ತಾಯಿಯ ಅರ್ಜಿ ಯಾರ ಪಾಲಿನದು? ನಡೆದದ್ದನ್ನು ತಿಳಿಸು ಎಂದರೆ ಅದು ಸೀಸರನ ಪಾಲೇ ಸರಿ, ಮದುವೆಯನ್ನು ನೋಂದಾಯಿಸುವುದಿಲ್ಲವೆ? ಆದರೆ ನಂಬುವುದಕ್ಕೆ ಮೊದಲು ಕೇಳು, ನಿನ್ನ ನಂಬಿಕೆಗೆ ಊರವರ ಆಕ್ಷೇಪಣೆಯಿದೆಯೇ ನೋಡೋಣ ಎಂದರೆ, ತಿಳಿಸುವುದು ಅಪ್ಪಣೆ ಬೇಡುವುದಾಗುತ್ತದೆ. ಆಸೆ ತೋರಿಸಿಯೋ ಹೆದರಿಸಿಯೋ ನಂಬಿಕೆಯನ್ನು ಕೊಳ್ಳುವವರನ್ನು ಸರ್ಕಾರ ತಡೆಯಲೇಬೇಕು. ಅಂಥವರನ್ನು ನಿಜವಾದ ಕ್ರೈಸ್ತನೇ ಮೊದಲು ತಡೆದಾನು. ಕಳ್ಳನನ್ನು ಹಿಡಿಯಬೇಕೆಂದು ದಾರಿಹೋಕರೆಲ್ಲರಿಂದ ಮುಚ್ಚಳಿಕೆ ಬರೆಸಿಕೊಳ್ಳುವುದು ಬೇರೆ ಮಾತು.

ಆದರೆ ಅಂತಃಸಾಕ್ಷಿಯ ಹೆಸರು ಹೇಳಿ ಯಾರು ಬೇಕಾದರೂ ಕಾನೂನನ್ನು ಮುರಿಯಬಹುದಲ್ಲ ಎಂದು ಓದುಗರು ಕೇಳಬಹುದು. ಇದಕ್ಕೆ ಒರೆಗಲ್ಲು ನಮ್ಮಲ್ಲೇ ಇದೆ. 1939ರಲ್ಲಿ ನಮ್ಮ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲ ಮರ ಕಡಿದದ್ದು ಕತ್ತಲಲ್ಲಲ್ಲ, ಹಾಡುಹಗಲು. ತಾವೇ ಮುಂದೆ ನಿಂತು ಸೆರೆಗೆ ಹೋದರು. ಬಚ್ಚಿಡದೆ, ಇನ್ನೊಬ್ಬರಿಗೆ ಕೆಡುಕು ಮಾಡದೆ, ಬೆಲೆಯನ್ನು ತಾನೇ ತೆರುವವನು ಕಾನೂನಿಗೆ ಅಗೌರವ ತೋರಿಸಿದಂತಲ್ಲ. 1985ರಲ್ಲಿ ಕೇರಳದ ಮೂವರು ಶಾಲಾಮಕ್ಕಳು, ಯೆಹೋವನ ಸಾಕ್ಷಿಗಳ ಪಂಗಡದವರು, ರಾಷ್ಟ್ರಗೀತೆಗೆ ಎದ್ದು ನಿಂತರು, ಆದರೆ ಹಾಡಲಿಲ್ಲ. ಶಾಲೆ ಅವರನ್ನು ಹೊರಗೆ ಹಾಕಿತು. ಎದ್ದು ನಿಂತದ್ದೇ ಗೌರವ, ಹಾಡಲು ಬಲವಂತ ಸಲ್ಲದೆಂದು 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಎದ್ದು ನಿಲ್ಲುವುದು ದೇಶದ ಪಾಲು. ತುಟಿಯ ಮೇಲಿನ ಮಾತು ಅಂತಃಸಾಕ್ಷಿಯ ಪಾಲು. ಆ ಎಳೆಯರು ಗೆರೆಯನ್ನು ಎಷ್ಟು ಸೂಕ್ಷ್ಮವಾಗಿ ಎಳೆದರು!

ಗೆರೆ ಇರುವುದು ಪ್ರಜೆಗೆ ಮಾತ್ರವಲ್ಲ, ಸರ್ಕಾರದ ಸಂಬಳ ತಿನ್ನುವವನಿಗೂ ಇದೆ. 2021ರ ಕೊನೆಯಲ್ಲಿ ಹೊಸದುರ್ಗದ ಅಂದಿನ ತಹಸೀಲ್ದಾರರು ವಿಚಾರಣೆ ನಡೆಸಿ, ಬಲವಂತದ ಮತಾಂತರ ಕಂಡುಬರಲಿಲ್ಲವೆಂದು ವರದಿ ಬರೆದರು. ಕೆಲವೇ ದಿನಗಳಲ್ಲಿ ಅವರಿಗೆ ವರ್ಗವಾದದ್ದು ಪತ್ರಿಕೆಗಳಲ್ಲಿ ಬಂತು. ಕಾರಣವನ್ನು ನಾನು ಊಹಿಸುವುದಿಲ್ಲ. ಕಂಡದ್ದನ್ನು ಕಂಡಂತೆ ಬರೆಯುವುದೇ ಸರ್ಕಾರಕ್ಕೆ ತೋರುವ ನಿಜವಾದ ನಿಷ್ಠೆ, ಮೇಲಿನವರ ಮನಸ್ಸನ್ನು ಓದಿ ಬರೆಯುವುದಲ್ಲ ಎಂಬುದಷ್ಟೆ ನನಗೆ ಮುಖ್ಯ. ಆ ನಿಷ್ಠೆಯನ್ನು ಕಲಿಯಲು ಕ್ರೈಸ್ತನೇ ಆಗಬೇಕಾಗಿಲ್ಲ.

ಪಾಠ ಹೇಳುವ ನನಗೂ ಆ ಗೆರೆ ಇತ್ತು. ನಾನು ಅದನ್ನು ನೋಡಲಿಲ್ಲ. ಕಾನೂನನ್ನು ಮುರಿಯೆಂದು ಹುಡುಗನಿಗೆ ಹೇಳಬೇಕಿತ್ತೆಂದಲ್ಲ. ಇನ್ನೊಬ್ಬರ ಬೆಲೆಯಲ್ಲಿ ಧೈರ್ಯ ಹೇಳುವುದು ಸುಲಭ. “ತೀರ್ಮಾನ ನಿಮ್ಮವ್ವನದು ಕಣಪ್ಪ. ಬರೆದುಕೊಟ್ಟರೂ ಸರಿ, ಕೊಡದೆ ಬಂದದ್ದನ್ನು ಅನುಭವಿಸುತ್ತೇನೆಂದರೂ ಸರಿ. ಡಿ.ಸಿ. ಕಚೇರಿಗೆ ಹೋಗುವ ದಿನ ಬಂದರೆ ಹೇಳು, ನಾನೂ ಜೊತೆಗೆ ಬರುತ್ತೇನೆ” ಎನ್ನಬೇಕಿತ್ತು.

ಕಚೇರಿ ನನ್ನ ಮನೆಯಿಂದ ದೂರವೇನಲ್ಲ. ಹುಡುಗ ಮತ್ತೆ ಆ ಮಾತನ್ನು ಎತ್ತಲಿಲ್ಲ.